ಖಿನ್ನತೆಯ ಮಾತ್ರೆಗಳಲ್ಲಿ ಯಾವುದು ಯಾರಿಗೆ? ಲ್ಯಾಬಿನಿಂದ ಮನೆಯವರೆಗೆ ಒಂದು ಹೋಲಿಕೆ

"ನನಗೆ ಎಸ್ಸಿಟಲೋಪ್ರಾಮ್ ಬರೆದುಕೊಟ್ಟಿದ್ದಾರೆ. ಎದುರು ಮನೆಯವರ ಮಗಳಿಗೆ ಫ್ಲುಯೊಕ್ಸೆಟಿನ್ ಅಂತೆ. ಎರಡರಲ್ಲಿ ಯಾವುದು ಸ್ಟ್ರಾಂಗ್ ಕಣೋ?"

ಚಿಕ್ಕಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಾನು ಫಾರ್ಮಸಿ ಓದಿ, ಔಷಧದ ಅಣುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವನು. ಈ ಎರಡು ಅಣುಗಳ ಚಿತ್ರವನ್ನು ಕಾಗದದ ಮೇಲೆ ಸಲೀಸಾಗಿ ಬರೆಯಬಲ್ಲೆ. ಆದರೆ ನಾಳೆ ಬೆಳಿಗ್ಗೆ ಮಾತ್ರೆ ನುಂಗಬೇಕಾದವರಿಗೆ ಆ ಚಿತ್ರದಿಂದ ಏನು ಪ್ರಯೋಜನ? ಆ ರಾತ್ರಿ ಕೂತು ಯೋಚಿಸಿದೆ. ಪ್ರಯೋಜನ ಇದೆ ಅನ್ನಿಸಿತು. ಯಾವ ಮಾತ್ರೆ ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ, ಯಾವ ಔಷಧಿಯ ಜೊತೆ ಅದಕ್ಕೆ ಆಗಿಬರುವುದಿಲ್ಲ, ಬಿಡುವಾಗ ಯಾವುದು ಕಾಡುತ್ತದೆ, ಇವೆಲ್ಲ ಆ ಚಿತ್ರದಲ್ಲೇ ಶುರುವಾಗುತ್ತವೆ. ಔಷಧಿ ಆರಿಸುವುದು ವೈದ್ಯರ ಕೆಲಸ. ಆದರೆ ಆರಿಸಲು ಬೇಕಾದ ಅರ್ಧ ಮಾಹಿತಿ ಇರುವುದು ನಮ್ಮ ಹತ್ತಿರ, ನಮ್ಮ ದಿನಚರಿಯಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೆರೊಟೋನಿನ್ ಬಗ್ಗೆ ಸ್ವಲ್ಪ

ಈ ಮಾತ್ರೆಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಸೆರೊಟೋನಿನ್ ಮೇಲೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ವಸ್ತು ಅದು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮಾರಿಸ್ ರಾಪೋರ್ಟ್, ಆರ್ಡಾ ಗ್ರೀನ್ ಮತ್ತು ಅರ್ವಿನ್ ಪೇಜ್ ರಕ್ತದಿಂದ ಈ ವಸ್ತುವನ್ನು ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತುವನ್ನು. ಮನಸ್ಸಿನ ವಿಚಾರ ಆಗ ಅವರ ತಲೆಯಲ್ಲೇ ಇರಲಿಲ್ಲ. ಮಿದುಳಿನಲ್ಲೂ ಸೆರೊಟೋನಿನ್ ಇದೆ ಎಂದು ಬೆಟ್ಟಿ ಟ್ವರಾಗ್ ತೋರಿಸಿದ್ದು 1953ರಲ್ಲಿ. ನಮ್ಮ ಮೈಯ ಸೆರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ಕರುಳಿನಲ್ಲಿ. ಈ ಮಾತ್ರೆಗಳನ್ನು ಶುರು ಮಾಡಿದ ಮೊದಲ ವಾರ ವಾಕರಿಕೆ, ಹೊಟ್ಟೆ ಕೆಡುವುದು ಯಾಕೆ ಅಂತ ಈಗ ಅರ್ಥವಾಯಿತಲ್ವಾ?

ಒಂದು ನರಕೋಶ ಸೆರೊಟೋನಿನ್ ಬಿಡುತ್ತದೆ, ಪಕ್ಕದ ಕೋಶ ಆ ಸುದ್ದಿ ಪಡೆಯುತ್ತದೆ, ಆಮೇಲೆ ಬಿಟ್ಟ ಕೋಶವೇ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವ ಆ ಬಾಗಿಲಿಗೆ ಅಡ್ಡ ನಿಲ್ಲುವುದೇ ಎಸ್ಎಸ್ಆರ್‌ಐ ಗುಂಪಿನ ಮಾತ್ರೆಗಳ ಕೆಲಸ. ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಸಿಟಲೋಪ್ರಾಮ್, ಎಸ್ಸಿಟಲೋಪ್ರಾಮ್, ಪ್ಯಾರೊಕ್ಸೆಟಿನ್, ಫ್ಲುವೊಕ್ಸಮಿನ್ ಎಲ್ಲವೂ ಇದೇ ಗುಂಪಿನವು.

ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆ ಎಂದು ಬಹಳ ಕಡೆ ಓದಿರುತ್ತೀರಿ. ಅಷ್ಟು ಸರಳವಾಗಿ ಅದು ಸಾಬೀತಾಗಿಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಆ ಬಾಗಿಲು ಮುಚ್ಚುತ್ತದೆ, ಆದರೆ ಮನಸ್ಸು ಹಗುರವಾಗಲು ವಾರಗಳು ಬೇಕು. ಬರೀ ಕೊರತೆಯ ಮಾತಾಗಿದ್ದರೆ ಹಾಗಾಗಬಾರದಿತ್ತು. ಬಾಳೆಹಣ್ಣು ತಿಂದರೆ ಸೆರೊಟೋನಿನ್ ಏರುತ್ತದೆ ಎನ್ನುವ ಮಾತೂ ಹಾಗೆಯೇ. ಹಣ್ಣಿನಲ್ಲಿ ಅದು ಇರುವುದು ನಿಜ, ಆದರೆ ರಕ್ತದಿಂದ ಮಿದುಳಿಗೆ ಅದು ದಾಟುವುದಿಲ್ಲ. ಹಣ್ಣು ತಿನ್ನಿ, ಆದರೆ ಮಾತ್ರೆ ಬಿಟ್ಟು ಅಲ್ಲ.

ಫ್ಲುಯೊಕ್ಸೆಟಿನ್: ನಿಧಾನವಾಗಿ ಹೋಗುವ ಅತಿಥಿ

ಇಂಡಿಯಾನಾಪೊಲಿಸ್‌ನ ಎಲಿ ಲಿಲಿ ಕಂಪನಿಯಲ್ಲಿ ಬ್ರಯಾನ್ ಮೊಲಾಯ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಇದ್ದರು. ಅವರು ಕೈಗೆತ್ತಿಕೊಂಡದ್ದು ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್ ಎಂಬ ಹಳೇ ಔಷಧಿಯ ಅಣುವನ್ನು. ಅದನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿಸಿ ಒಂದು ಸಾಲು ಹೊಸ ಅಣುಗಳನ್ನು ತಯಾರಿಸಿದರು. ಕ್ಲಾಸ್ ಶ್ಮೀಗಲ್ ಆ ಸಾಲನ್ನು ಮುಂದುವರಿಸಿದರು. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಡೇವಿಡ್ ವಾಂಗ್, ಅವರ ಜೊತೆ ರೇ ಫುಲ್ಲರ್ ಅವುಗಳನ್ನು ಪರೀಕ್ಷಿಸುವವರು. ಇಲಿಯ ಮಿದುಳನ್ನು ಅರೆದು, ನರದ ತುದಿಗಳನ್ನು ಮಾತ್ರ ಬೇರೆ ಮಾಡಿ, ಯಾವ ಅಣು ಯಾವ ಬಾಗಿಲನ್ನು ಮುಚ್ಚುತ್ತದೆ ಎಂದು ಅಳೆಯುತ್ತಿದ್ದರು.

ಇಲ್ಲೊಂದು ಸಂಗತಿ ನನಗೆ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ಆ ಸಾಲಿನ ಅಣುಗಳಲ್ಲಿ ಕಾರ್ಬನ್ ಪರಮಾಣುಗಳ ಎರಡು ಉಂಗುರಗಳು, ನಡುವೆ ಮೂರು ಕಾರ್ಬನ್‌ಗಳ ಸರಪಳಿ, ತುದಿಯಲ್ಲಿ ನೈಟ್ರೋಜನ್. ಒಂದು ಉಂಗುರದಲ್ಲಿ, ಸರಪಳಿ ಸೇರುವ ಜಾಗದ ಪಕ್ಕದಲ್ಲೇ ಮೆಥಾಕ್ಸಿ ಎಂಬ ಪುಟ್ಟ ಪರಮಾಣು ಗುಂಪು ಇಟ್ಟರೆ ಅದು ನಿಸೊಕ್ಸೆಟಿನ್. ಅದು ನಾರ್‌ಅಡ್ರಿನಲಿನ್ (ನರಕೋಶಗಳು ಸುದ್ದಿ ಮುಟ್ಟಿಸಲು ಬಳಸುವ ಇನ್ನೊಂದು ವಸ್ತು) ಬಾಗಿಲನ್ನು ಮುಚ್ಚುತ್ತದೆ, ಸೆರೊಟೋನಿನ್ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅದನ್ನು ತೆಗೆದು, ಉಂಗುರದ ಎದುರು ಕೊನೆಯಲ್ಲಿ ಮೂರು ಫ್ಲೂರಿನ್ ಇರುವ ಗುಂಪು ಇಟ್ಟರೆ ಅದು ಫ್ಲುಯೊಕ್ಸೆಟಿನ್. ಈಗ ಅದು ಮುಚ್ಚುವುದು ಸೆರೊಟೋನಿನ್ ಬಾಗಿಲನ್ನು. ಅಣುವಿನ ಉಳಿದ ಭಾಗ ಇದ್ದ ಹಾಗೇ ಇದೆ! 1972ರಲ್ಲಿ ಪರೀಕ್ಷೆ ಆಯಿತು, 1974ರಲ್ಲಿ ಮೊದಲ ಲೇಖನ ಬಂತು, 1987ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪ್ರೊಜಾಕ್ ಎಂದು ಲೋಕ ಕರೆದದ್ದು ಇದನ್ನೇ.

ಇದರ ದೊಡ್ಡ ಗುಣ ಎಂದರೆ ಮೈಯಿಂದ ಬಹಳ ನಿಧಾನಕ್ಕೆ ಹೊರಗೆ ಹೋಗುವುದು. ಅರ್ಧದಷ್ಟು ಖಾಲಿಯಾಗಲು ಕೆಲವು ದಿನ ಬೇಕು. ಯಕೃತ್ತಿನಲ್ಲಿ ಇದು ನಾರ್‌ಫ್ಲುಯೊಕ್ಸೆಟಿನ್ ಆಗಿ ಬದಲಾಗುತ್ತದೆ. ಅದಕ್ಕೂ ಔಷಧಿಯ ಗುಣ ಇದೆ, ಅದು ಅರ್ಧವಾಗಲು 4ರಿಂದ 16 ದಿನ.

ಇದರಿಂದ ಏನಾಗುತ್ತದೆ? ಒಂದು ದಿನ ಮಾತ್ರೆ ಮರೆತರೆ ಹೆಚ್ಚು ತೊಂದರೆಯಿಲ್ಲ. ಹಾಸ್ಟೆಲ್‌ನಲ್ಲಿರುವ ಮಕ್ಕಳು, ಶಿಫ್ಟ್ ಕೆಲಸದವರು, ಮಾತ್ರೆ ಮರೆಯುವ ಅಭ್ಯಾಸ ಇರುವವರಿಗೆ ಇದು ಅನುಕೂಲ. ಬಿಡುವಾಗಲೂ ಕಾಟ ಕಡಿಮೆ. 8 ವರ್ಷ ದಾಟಿದ ಮಕ್ಕಳ ಖಿನ್ನತೆಗೂ ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಇದೆ. ಆದರೆ ಅದೇ ಗುಣ ಇನ್ನೊಂದು ಕಡೆ ತೊಡಕು. ಒಗ್ಗದಿದ್ದರೆ ಬೇಗ ಹೊರಗೆ ಹೋಗುವುದಿಲ್ಲ. ಎಂಎಒಐ ಎಂಬ ಹಳೇ ಗುಂಪಿನ ಔಷಧಿಗೆ ಬದಲಾಯಿಸಬೇಕಾದರೆ ಐದು ವಾರ ಕಾಯಬೇಕು. ಇನ್ನೊಂದು ವಿಷಯ: ಇದು ಯಕೃತ್ತಿನ ಒಂದು ಮುಖ್ಯ ಕಿಣ್ವವನ್ನು ತಡೆಯುತ್ತದೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರಲ್ಲಿ ಆ ಔಷಧಿ ಕೆಲಸ ಮಾಡಲು ಅದೇ ಕಿಣ್ವ ಬೇಕು. ಹಾಗಾಗಿ ಅವರಿಗೆ ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಎರಡೂ ಬೇಡ. ಕೆಲವರಿಗೆ ಇದು ಚುರುಕು ತರುತ್ತದೆ, ಕೆಲವರಿಗೆ ಅದೇ ಚಡಪಡಿಕೆ ಆಗುತ್ತದೆ. ಹಾಗಾಗಿ ಬೆಳಿಗ್ಗೆ ತೆಗೆದುಕೊಳ್ಳುವುದು ಒಳ್ಳೆಯದು.

ಸಿಟಲೋಪ್ರಾಮ್ ಮತ್ತು ಎಸ್ಸಿಟಲೋಪ್ರಾಮ್: ಎಡಗೈ, ಬಲಗೈ

ನನಗೆ ಬಹಳ ಇಷ್ಟವಾದ ಕಥೆ ಇದು. ಕ್ಲಾಸ್ ಬೊಗೆಸೊ ಎಂಬ ಔಷಧ ರಸಾಯನಶಾಸ್ತ್ರಜ್ಞ 1971ರಲ್ಲಿ ಡೆನ್ಮಾರ್ಕಿನ ಲುಂಡ್‌ಬೆಕ್ ಕಂಪನಿ ಸೇರಿದರು. ಅಲ್ಲಿ ಟಾಲೊಪ್ರಾಮ್ ಎಂಬ ಅಣು ಇತ್ತು. ಅದು ನಾರ್‌ಅಡ್ರಿನಲಿನ್ ಕಡೆ ವಾಲಿದ ಅಣು. ಅದನ್ನು ಸೆರೊಟೋನಿನ್ ಕಡೆಗೆ ತಿರುಗಿಸುವುದು ಅವರ ಕೆಲಸ. ಉಂಗುರದ ಮೇಲಿದ್ದ ಎರಡು ಮೀಥೈಲ್ ಗುಂಪು ತೆಗೆದರು. ಒಂದು ಕಡೆ ಫ್ಲೂರಿನ್, ಇನ್ನೊಂದು ಕಡೆ ಸಯಾನೋ ಗುಂಪು ಸೇರಿತು. 1972ರಲ್ಲಿ ಸಿಟಲೋಪ್ರಾಮ್ ಸಿದ್ಧವಾಯಿತು. ಸಯಾನೋ ಅಂದ ಕೂಡಲೇ ಸಯನೈಡ್ ನೆನಪಾಗಿ ಹೆದರಬೇಡಿ. ಅಣುವಿನೊಳಗೆ ಅದು ಗಟ್ಟಿಯಾಗಿ ಕೂತಿದೆ. ಡೆನ್ಮಾರ್ಕಿನಲ್ಲಿ ಇದು ಮಾರಾಟಕ್ಕೆ ಬಂದದ್ದು 1989ರಲ್ಲಿ. ಲ್ಯಾಬಿನ ಬಾಟಲಿಯಿಂದ ಮೆಡಿಕಲ್ ಶಾಪಿನ ಕಪಾಟಿಗೆ ಹದಿನೇಳು ವರ್ಷ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಿಟಲೋಪ್ರಾಮ್ ಅಂದರೆ ಎರಡು ಅಣುಗಳ ಮಿಶ್ರಣ. ನಿಮ್ಮ ಎರಡೂ ಅಂಗೈಗಳನ್ನು ಎದುರಾಬದುರಾ ಹಿಡಿದು ನೋಡಿ. ಬೆರಳು ಅವೇ, ಉದ್ದ ಅಷ್ಟೇ. ಆದರೆ ಬಲಗೈ ಗ್ಲೌಸ್ ಎಡಗೈಗೆ ಸರಿಯಾಗಿ ಕೂರುವುದಿಲ್ಲ. ಈ ಎರಡು ಅಣುಗಳೂ ಹಾಗೇ, ಒಂದರ ಕನ್ನಡಿ ಬಿಂಬ ಇನ್ನೊಂದು. ಸೆರೊಟೋನಿನ್ ಬಾಗಿಲಿಗೆ ಸರಿಯಾಗಿ ಕೂರುವುದು ಒಂದೇ ಒಂದು. ಅವೆರಡನ್ನು ಬೇರೆ ಮಾಡುವುದು ಸುಲಭವಾಗಿರಲಿಲ್ಲ. ಲ್ಯಾಬಿನಲ್ಲಿ ಇಂಥ ಕೆಲಸ ಮಾಡಿದವರಿಗೆ ಗೊತ್ತು. ಕರಗುವುದು, ಕುದಿಯುವುದು ಎಲ್ಲ ಒಂದೇ ತರ ಇರುವಾಗ ಯಾವುದನ್ನು ಹಿಡಿದು ಬೇರೆ ಮಾಡುತ್ತೀರಿ? ಬೊಗೆಸೊ ಮತ್ತು ಯೆನ್ಸ್ ಪೆರೆಗಾರ್ಡ್ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಸಿಟಲೋಪ್ರಾಮ್ ಆಗುವುದಕ್ಕಿಂತ ಮೊದಲಿನ ವಸ್ತುವಿನ ಹಂತದಲ್ಲೇ ಎರಡನ್ನೂ ಬೇರ್ಪಡಿಸಿ, ಆಮೇಲೆ ಉಂಗುರ ಮುಚ್ಚಿದರು. ಕೈ ಬದಲಾಗದೆ ಹಾಗೇ ಉಳಿಯಿತು. ಅದೇ ಎಸ್ಸಿಟಲೋಪ್ರಾಮ್. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಹಾಗಾದರೆ ಎರಡರಲ್ಲಿ ಯಾವುದು? 10 ಮಿ.ಗ್ರಾಂ ಎಸ್ಸಿಟಲೋಪ್ರಾಮ್ ಅಂದರೆ ಸುಮಾರು 20 ಮಿ.ಗ್ರಾಂ ಸಿಟಲೋಪ್ರಾಮ್‌ಗೆ ಸಮ. ಸಿಟಲೋಪ್ರಾಮ್ ಡೋಸ್ ಜಾಸ್ತಿಯಾದರೆ ಹೃದಯದ ಬಡಿತದ ಲಯ ತಪ್ಪುವ ಸಾಧ್ಯತೆ ಇದೆ. ಅದಕ್ಕೇ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ದಿನಕ್ಕೆ 40 ಮಿ.ಗ್ರಾಂ ದಾಟಬಾರದು, 60 ವರ್ಷ ದಾಟಿದವರಿಗೆ 20 ಸಾಕು ಎಂದು ಹೇಳಿತು. ಎಸ್ಸಿಟಲೋಪ್ರಾಮ್‌ಗೂ ಈ ಗುಣ ಸ್ವಲ್ಪ ಇದೆ. ಹೃದಯದ ತೊಂದರೆ ಇರುವವರು ಇಸಿಜಿ ಮಾಡಿಸಿಕೊಂಡು ಶುರು ಮಾಡುವುದು ಒಳ್ಳೆಯದು. ಹೊಸದಾಗಿ ಶುರು ಮಾಡುವವರಿಗೆ ಎಸ್ಸಿಟಲೋಪ್ರಾಮ್ ಸಾಕು, ಸಿಟಲೋಪ್ರಾಮ್ ಹುಡುಕಿಕೊಂಡು ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ. ಬೇರೆ ಔಷಧಿಗಳ ಜೊತೆ ಎಸ್ಸಿಟಲೋಪ್ರಾಮ್‌ನ ತಕರಾರು ಕಡಿಮೆ. ಬಿ.ಪಿ., ಶುಗರ್ ಅಂತ ದಿನಕ್ಕೆ ನಾಲ್ಕೈದು ಮಾತ್ರೆ ನುಂಗುವ ಹಿರಿಯರಿಗೆ ಇದು ದೊಡ್ಡ ಸಮಾಧಾನ.

ಆದರೆ ಒಂದು ಕೆಲಸ ಮಾಡಿ. ಮಾತ್ರೆಯ ಶೀಟನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ನಮ್ಮ ದೇಶದಲ್ಲಿ ಎಸ್ಸಿಟಲೋಪ್ರಾಮ್ ಜೊತೆಗೆ ಕ್ಲೋನಜೆಪಾಮ್ ಸೇರಿಸಿದ ಮಾತ್ರೆಗಳು ಬಹಳ ಓಡುತ್ತವೆ. ಕ್ಲೋನಜೆಪಾಮ್ ಬೇರೆಯದೇ ಗುಂಪಿನದು. ಮೊದಲ ದಿನಗಳ ಗಾಬರಿ, ನಿದ್ರೆಗೇಡಿಗೆ ಅದು ಸಹಾಯ ಮಾಡುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮೈ ಅದಕ್ಕೆ ಅಂಟಿಕೊಳ್ಳುತ್ತದೆ. ಚಿಕ್ಕಮ್ಮನ ಶೀಟಿನಲ್ಲೂ ಅದು ಇತ್ತು, ಅವರಿಗೆ ಗೊತ್ತೇ ಇರಲಿಲ್ಲ. "ಇದು ಎಷ್ಟು ದಿನಕ್ಕೆ?" ಎಂದು ಕೇಳಿದ್ದಕ್ಕೆ ವೈದ್ಯರು ಮೂರು ವಾರದ ನಂತರ ಬರೀ ಎಸ್ಸಿಟಲೋಪ್ರಾಮ್‌ಗೆ ಬದಲಾಯಿಸಿದರು.

ಸರ್ಟ್ರಲಿನ್

ಇದು ಫೈಜರ್ ಕಂಪನಿಯಲ್ಲಿ ಕೆನ್ನೆತ್ ಕೋ ಮತ್ತು ವಿಲ್ಲರ್ಡ್ ವೆಲ್ಚ್ ಹುಡುಕಿದ್ದು. ಟ್ಯಾಮೆಟ್ರಲಿನ್ ಎಂಬ ಹಳೇ ಅಣುವಿಗೆ ಎರಡು ಕ್ಲೋರಿನ್ ಸೇರಿಸಿದರು. ಆ ಕುಟುಂಬದಲ್ಲಿ ಕೆಲಸಕ್ಕೆ ಬಾರದ ರೂಪ ಎಂದುಕೊಂಡಿದ್ದ ರೂಪವೇ ಸೆರೊಟೋನಿನ್ ಬಾಗಿಲಿಗೆ ಸರಿಯಾಗಿ ಹೊಂದಿತು. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ.

ಹೃದಯಾಘಾತ ಆದವರಿಗೆ ಖಿನ್ನತೆ ಬಂದರೆ ನೆನಪಿಡಬೇಕಾದ ಹೆಸರು ಇದು. ಅಂಥವರ ಮೇಲೇ ಇದರ ಪರೀಕ್ಷೆ ನಡೆದು, ಹೃದಯಕ್ಕೆ ಸುರಕ್ಷಿತ ಎಂದು 2002ರಲ್ಲಿ ವರದಿ ಬಂತು. ಎದೆಹಾಲಿಗೆ ಇದು ಸೇರುವುದೂ ಬಹಳ ಕಡಿಮೆ. ಬಾಣಂತಿಯರಿಗೆ ಮೊದಲು ಯೋಚಿಸುವುದು ಸಾಮಾನ್ಯವಾಗಿ ಇದನ್ನೇ. ಬಾಣಂತಿಯ ಅಳುವನ್ನು "ಎಲ್ಲರಿಗೂ ಹೀಗೇ" ಎಂದು ತಳ್ಳಿಹಾಕುವ ಮನೆಗಳಲ್ಲಿ ಈ ಮಾತು ಗೊತ್ತಿರಬೇಕು. ಮಗುವಿಗೆ ಹಾಲು ಕೊಡುತ್ತಲೇ ಚಿಕಿತ್ಸೆ ಪಡೆಯಬಹುದು. ಇದರ ಒಂದು ಕಿರಿಕಿರಿ ಎಂದರೆ ಹೊಟ್ಟೆ. ಬೇರೆಯವುಗಳಿಗಿಂತ ಭೇದಿ ಸ್ವಲ್ಪ ಜಾಸ್ತಿ. ತಿಂಡಿ ತಿಂದ ಮೇಲೆ ತೆಗೆದುಕೊಂಡರೆ ತಡೆದುಕೊಳ್ಳಬಹುದು.

ಪ್ಯಾರೊಕ್ಸೆಟಿನ್, ಫ್ಲುವೊಕ್ಸಮಿನ್

ಪ್ಯಾರೊಕ್ಸೆಟಿನ್ ಬಗ್ಗೆ ನಮ್ಮ ಮನೆಯದೇ ಅನುಭವ ಇದೆ. ಹಲವು ವರ್ಷಗಳ ಹಿಂದೆ ಚಿಕ್ಕಮ್ಮನಿಗೆ ಮೊದಲು ಕೊಟ್ಟಿದ್ದು ಅದನ್ನೇ. ಚೆನ್ನಾಗಿಯೇ ಒಗ್ಗಿತ್ತು. ಮದುವೆಯೊಂದಕ್ಕೆ ಊರಿಗೆ ಹೋದಾಗ ಮಾತ್ರೆ ಮನೆಯಲ್ಲೇ ಉಳಿಯಿತು. "ಈಗ ಚೆನ್ನಾಗೇ ಇದ್ದೀನಲ್ಲ" ಎಂದು ಸುಮ್ನೆ ಬಿಟ್ಟರು. ಮೂರನೇ ದಿನ ಧಾರೆಯ ಹೊತ್ತಿಗೆ ಕಂಬ ಹಿಡಿದು ನಿಂತಿದ್ದರು. ತಲೆ ತಿರುಗಿಸಿದರೆ ಒಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ ಎಂದರು. ಮೈಯೆಲ್ಲ ಬೆವರು. ಬಿ.ಪಿ. ಇರಬೇಕು ಎಂದು ಎಲ್ಲರೂ ಗಾಬರಿಯಾದರು. ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಒಂದೆರಡು ದಿನದಲ್ಲಿ ಸರಿಹೋಯಿತು.

ಪ್ಯಾರೊಕ್ಸೆಟಿನ್ ಅರ್ಧ ಖಾಲಿಯಾಗಲು ಸುಮಾರು ಒಂದೇ ದಿನ ಸಾಕು. ಫ್ಲುಯೊಕ್ಸೆಟಿನ್ ತರ ಬೆನ್ನಿಗೆ ನಿಲ್ಲುವ ಎರಡನೇ ಅಣು ಇದಕ್ಕಿಲ್ಲ. ಆದ್ದರಿಂದ ಈ ಗುಂಪಿನಲ್ಲಿ ಬಿಡುವಾಗ ಜಾಸ್ತಿ ಕಾಡುವುದು ಇದೇ. ಇದನ್ನು ಚಟ ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ, ಇನ್ನಷ್ಟು ಬೇಕೆಂಬ ಹಂಬಲ ಇಲ್ಲಿ ಇರುವುದಿಲ್ಲ. ಆದರೂ ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ತೂಕ ಏರುವುದೂ ಇದರಲ್ಲಿ ಹೆಚ್ಚು. ಗರ್ಭಿಣಿಯಾಗುವ ಯೋಚನೆ ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ಫ್ಲುವೊಕ್ಸಮಿನ್ ಅನ್ನು ನಮ್ಮಲ್ಲಿ ಗೀಳು ಕಾಯಿಲೆಗೆ, ಅಂದರೆ ಒಸಿಡಿಗೆ ಹೆಚ್ಚಾಗಿ ಬಳಸುತ್ತಾರೆ. ಫಿಲ್ಟರ್ ಕಾಫಿ ಬಿಡಲಾಗದವರಿಗೆ ಒಂದು ಮಾತು. ಕೆಫೀನ್ ಕರಗಿಸುವ ಕಿಣ್ವವನ್ನು ಇದು ತಡೆಯುತ್ತದೆ. ಬೆಳಿಗ್ಗೆ ಕುಡಿದ ಕಾಫಿ ರಾತ್ರಿಯಾದರೂ ಮೈಯಲ್ಲೇ ಇರುತ್ತದೆ. ನಿದ್ರೆ ಬರುತ್ತಿಲ್ಲ, ಎದೆ ಡವಡವ ಅನ್ನುತ್ತಿದೆ ಎಂದರೆ ಬೈಯಬೇಕಾದದ್ದು ಮಾತ್ರೆಯನ್ನಲ್ಲ, ಮೂರನೇ ಲೋಟವನ್ನು.

ಗುಂಪಿನ ಹೊರಗೆ

ಖಿನ್ನತೆಯ ಜೊತೆ ಮೈಕೈ ನೋವೂ ಇದ್ದರೆ ಡುಲೊಕ್ಸೆಟಿನ್ ಯೋಚಿಸುತ್ತಾರೆ. ವೆನ್ಲಾಫ್ಯಾಕ್ಸಿನ್ ಕೂಡ ಅದೇ ತರದ್ದು, ಆದರೆ ಅದು ಬಿ.ಪಿ. ಏರಿಸಬಹುದು, ಬಿಡುವುದೂ ಕಷ್ಟ. ನಿದ್ರೆ ಇಲ್ಲ, ಊಟ ಸೇರುತ್ತಿಲ್ಲ, ಸೊರಗಿ ಹೋಗಿದ್ದಾರೆ ಎನ್ನುವವರಿಗೆ ಮಿರ್ಟಜಪೈನ್ ಒಳ್ಳೆಯದು. ಈಗಾಗಲೇ ತೂಕ ಜಾಸ್ತಿ ಇರುವವರಿಗೆ ಅದು ತೊಂದರೆ. ಅಮಿಟ್ರಿಪ್ಟಿಲಿನ್ ಬಹಳ ಹಳೆಯದು, ಅಗ್ಗ, ಕೆಲಸವೂ ಮಾಡುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮಂಪರು ಇದರ ಬೆನ್ನಿಗಿವೆ. ಮಿತಿ ಮೀರಿ ನುಂಗಿದರೆ ಹೃದಯ ನಿಲ್ಲಬಹುದು. ಸಾಯುವ ಮಾತಾಡುವವರು ಇರುವ ಮನೆಯಲ್ಲಿ ಅದರ ಡಬ್ಬಿ ಕೈಗೆ ಸಿಗುವಂತೆ ಇರಲೇಬಾರದು. ಎಸ್ಎಸ್ಆರ್‌ಐಗಳು ಬಂದ ಮೇಲೆ ಆದ ದೊಡ್ಡ ಒಳಿತು ಅಂದರೆ ಈ ಅಪಾಯ ತಗ್ಗಿದ್ದು.

ಹಾಗಾದರೆ ಯಾವುದು ಸ್ಟ್ರಾಂಗ್?

2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 21 ಔಷಧಿಗಳ ಹೋಲಿಕೆ ಬಂತು. 522 ಪ್ರಯೋಗಗಳು, 1,16,477 ಜನ. 21ಕ್ಕೆ 21 ಕೂಡ ಹುಸಿಮಾತ್ರೆಗಿಂತ (ಒಳಗೆ ಔಷಧಿಯೇ ಇಲ್ಲದ ಮಾತ್ರೆ) ಮೇಲು. ಗುಣದಲ್ಲಿ ಸ್ವಲ್ಪ ಮುಂದಿರುವ ಔಷಧಿಗಳು, ಜನ ಬಿಡದೆ ಮುಂದುವರಿಸಿದ ಔಷಧಿಗಳು ಎಂದು ಎರಡು ಪಟ್ಟಿ ಮಾಡಿದರೆ ಎಸ್ಸಿಟಲೋಪ್ರಾಮ್ ಎರಡರಲ್ಲೂ ಇದೆ. ಫ್ಲುಯೊಕ್ಸೆಟಿನ್, ಸರ್ಟ್ರಲಿನ್ ಎರಡನೇ ಪಟ್ಟಿಯಲ್ಲಿವೆ. ಆದರೆ ಈ ಅಂತರ ಸಣ್ಣದು. ಒಬ್ಬ ವ್ಯಕ್ತಿಗೆ ಯಾವುದು ಹಿಡಿಸುತ್ತದೆ ಎಂದು ಈ ಪಟ್ಟಿ ಹೇಳುವುದಿಲ್ಲ. ಅಮ್ಮನಿಗೋ ಅಣ್ಣನಿಗೋ ಮೊದಲು ಒಂದು ಔಷಧಿ ಚೆನ್ನಾಗಿ ಕೆಲಸ ಮಾಡಿದ್ದರೆ ಆ ಸುದ್ದಿ ವೈದ್ಯರಿಗೆ ಬಹಳ ಬೆಲೆಯುಳ್ಳದ್ದು.

ನನ್ನ ಮನೆಯವರಿಗಾದರೆ ನಾನು ಮೊದಲು ಎಸ್ಸಿಟಲೋಪ್ರಾಮ್ ಅಥವಾ ಸರ್ಟ್ರಲಿನ್ ಬಗ್ಗೆ ಕೇಳುತ್ತೇನೆ. ಹದಿಹರೆಯದವರಿಗೆ, ಮಾತ್ರೆ ಮರೆಯುವವರಿಗೆ ಫ್ಲುಯೊಕ್ಸೆಟಿನ್. ಎದುರು ಮನೆಯ ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಅದನ್ನು, ಚಿಕ್ಕಮ್ಮನಿಗೆ ಎಸ್ಸಿಟಲೋಪ್ರಾಮ್ ಕೊಟ್ಟಿದ್ದರಲ್ಲಿ ಅರ್ಥ ಇದೆ.

ವೈದ್ಯರ ಮುಂದೆ ಕೂತಾಗ ಈ ವಿಷಯಗಳನ್ನು ಮುಚ್ಚಿಡಬೇಡಿ. ಮೊದಲು ಯಾವತ್ತಾದರೂ ವಿಪರೀತ ಹುರುಪು ಬಂದು, ನಿದ್ರೆಯಿಲ್ಲದೆ, ದುಡ್ಡು ಚೆಲ್ಲಿ ಓಡಾಡಿದ ದಿನಗಳು ಇದ್ದವೇ? ಇದ್ದರೆ ಅದು ಬೈಪೋಲಾರ್, ಅಂದರೆ ಒಮ್ಮೆ ಹುರುಪು ಒಮ್ಮೆ ಖಿನ್ನತೆ ಬರುವ ಕಾಯಿಲೆ ಇರಬಹುದು. ಆಗ ಈ ಮಾತ್ರೆಗಳನ್ನು ಒಂಟಿಯಾಗಿ ಕೊಡುವುದು ಅಪಾಯ. ನೋವಿಗೆ ಟ್ರಾಮಡಾಲ್ ತೆಗೆದುಕೊಳ್ಳುತ್ತೀರಾ ಹೇಳಿ. ಎರಡೂ ಸೇರಿ ಸೆರೊಟೋನಿನ್ ಮಿತಿಮೀರಿದರೆ ಜ್ವರ, ನಡುಕ, ಗೊಂದಲ ಬರಬಹುದು. ಆಸ್ಪಿರಿನ್, ಮಂಡಿನೋವಿನ ಮಾತ್ರೆ ತಿನ್ನುವವರಲ್ಲಿ ಹೊಟ್ಟೆಯೊಳಗೆ ರಕ್ತ ಸೋರುವ ಸಾಧ್ಯತೆ ಹೆಚ್ಚುತ್ತದೆ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಹೊಸದಾಗಿ ಮಂಕು, ತೂರಾಟ ಕಂಡರೆ ಒಂದು ರಕ್ತಪರೀಕ್ಷೆ ಮಾಡಿಸಿ. ಲೈಂಗಿಕ ಆಸಕ್ತಿ ಕುಗ್ಗುವುದು ಈ ಗುಂಪಿನ ಎಲ್ಲ ಮಾತ್ರೆಗಳಲ್ಲೂ ಇದೆ. ನಾಚಿಕೆಯಿಂದ ಹೇಳದೆ ಮಾತ್ರೆಯನ್ನೇ ಬಿಟ್ಟವರು ಎಷ್ಟೋ ಜನ. ಹೇಳಿದರೆ ಬದಲಾಯಿಸಲು ದಾರಿ ಇದೆ.

25ಕ್ಕಿಂತ ಚಿಕ್ಕವರಿಗೆ ಮೊದಲ ಕೆಲವು ವಾರ ಮನೆಯವರು ಜೊತೆಗಿರಬೇಕು. ಕೆಲವರಲ್ಲಿ ಸಾಯುವ ಯೋಚನೆ ಆಗಲೇ ಹೆಚ್ಚಬಹುದು. ಅಂಥ ಮಾತು ಕಿವಿಗೆ ಬಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಬೆನ್ನೆಲುಬಾಗಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಇನ್ನು ಕಾಯುವ ವಿಚಾರ. ಎರಡರಿಂದ ಆರು ವಾರ. ವಾಕರಿಕೆ, ತಲೆನೋವು ಮೊದಲು ಬರುತ್ತವೆ, ಗುಣ ಆಮೇಲೆ. ಹಾಗಾಗಿ ಎರಡನೇ ವಾರದಲ್ಲಿ ಬಿಡುವವರೇ ಜಾಸ್ತಿ. ಚಿಕ್ಕಮ್ಮನಿಗೆ ನಾನು ಹೇಳಿದ್ದು ಒಂದೇ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದಲ್ಲಿ ಒಂದು ಮಾತು ಬರೆಯಿರಿ, ಮುಂದಿನ ಸಲ ವೈದ್ಯರಿಗೆ ಅದನ್ನೇ ತೋರಿಸಿ. ಹೋದ ತಿಂಗಳು ಹೋದಾಗ ನೋಡಿದೆ. ಮೊದಲ ವಾರ ಪೂರ್ತಿ "ವಾಕರಿಕೆ", "ವಾಕರಿಕೆ". ಮೂರನೇ ವಾರ ಒಂದು ಕಡೆ "ನಾಲ್ಕಕ್ಕೆ ಎಚ್ಚರ ಆಗಲಿಲ್ಲ". ಆಮೇಲೆ ಎಷ್ಟೋ ಚೌಕ ಖಾಲಿ. ಐದನೇ ವಾರದ ಗುರುವಾರದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದರು: "ಒಗ್ಗರಣೆ ವಾಸನೆ ಚೆನ್ನಾಗನ್ನಿಸಿತು."